ಗಾಳಿ ತಿರುಗಿಸಿದವರು

ನಮ್ಮಮ್ಮ ಪ್ರಾರ್ಥನೆ ಮಾಡುವಾಗ ದೇವರಿಗೆ ವಿಳಾಸ ಕೊಡುತ್ತಾಳೆ. ನಮ್ಮ ಚರ್ಚಿನ ಸಭೆಯವರು ಯಾರಾದರೂ ಕಾಯಿಲೆ ಬಿದ್ದು ಆಸ್ಪತ್ರೆ ಸೇರಿದರೆ ಉಳಿದ ಹೆಂಗಸರು, ಕರ್ತನೇ ನಿನ್ನ ಮಗಳನ್ನು ಗುಣಪಡಿಸು ಎಂದು ಹೇಳಿ ಮುಗಿಸುತ್ತಾರೆ. ಅಮ್ಮ ಅಷ್ಟಕ್ಕೆ ಬಿಡುವವಳಲ್ಲ. ದೊಡ್ಡಾಸ್ಪತ್ರೆ, ಹಿಂದಿನ ಕಟ್ಟಡ, ಮೇಲಿನ ಮಹಡಿ, ಲಿಫ್ಟು ಕೆಟ್ಟಿದೆ, ಮೆಟ್ಟಿಲು ಹತ್ತಿದ ಕೂಡಲೇ ಎಡಗಡೆಯ ವಾರ್ಡು, ಕಿಟಕಿ ಪಕ್ಕದ ಹಾಸಿಗೆ ಎಂದು ದಾರಿ ತೋರಿಸಿ, ಆಚೆ ಹಾಸಿಗೆಯಲ್ಲಿ ಮಲಗಿರುವ ಗುರುತಿಲ್ಲದ ಹೆಂಗಸನ್ನೂ ಹೋದ ಹಾಗೇ ಸ್ವಲ್ಪ ನೋಡಿಕೊಂಡು ಬಾ ಎಂದು ಸೇರಿಸಿದ ಮೇಲೆಯೇ ಆಮೆನ್ ಹೇಳುವುದು. ಲಿಫ್ಟು ಕೆಟ್ಟ ಸುದ್ದಿ ದೇವರಿಗೆ ಯಾಕೆ ಬೇಕು ಎಂದು ನಾನು ಒಮ್ಮೆ ಕೇಳಿದ್ದೆ.

“ಅವನಿಗೆ ಗೊತ್ತಿರುತ್ತೆ. ಆದ್ರೂ ಹೇಳೋದು ನಮ್ಮ ಮರ್ಯಾದೆ,” ಅಂದಳು.

ಸಭೆಯಲ್ಲಿ ಅವಳನ್ನು ವಕೀಲಮ್ಮ ಎಂದು ಕರೆಯುತ್ತಾರೆ. ಹಿಂದಿನಿಂದಲ್ಲ, ಎದುರಿಗೇ. ಅವಳಿಗೆ ಅದರಲ್ಲಿ ಒಳಗೊಳಗೇ ಹೆಮ್ಮೆ.

ನಾನು ಹವಾಮಾನ ಕಚೇರಿಯಲ್ಲಿ ಮುನ್ಸೂಚನೆ ಬರೆಯುವವಳು. ದಿನವೂ ಒಂದು ದೊಡ್ಡ ಬಲೂನಿಗೆ ಉಪಕರಣ ಕಟ್ಟಿ ಆಕಾಶಕ್ಕೆ ಬಿಡುವುದೂ ನಮ್ಮದೇ ಕೆಲಸವಾದ್ದರಿಂದ ಸಭೆಯವರಿಗೆ ನಾನು ಬಲೂನಕ್ಕ. ಭಾನುವಾರ ಆರಾಧನೆ ಮುಗಿದು ಹೊರಗೆ ಬಂದರೆ ಸಾಕು, ಕೊಡೆ ಹುಡುಕುತ್ತಲೇ ಕೇಳುತ್ತಾರೆ, ಇವತ್ತು ಹಾಸಿಗೆ ಬಿಸಿಲಿಗೆ ಹಾಕಬಹುದಾ, ನಾಳೆ ಪ್ರಯಾಣ ಹೊರಡಬಹುದಾ ಎಂದು. ನಾನು ಹೇಳಿದಂತೆ ಬಿಸಿಲು ಬಂದರೆ ಅದು ದೇವರ ಕೃಪೆ, ಮಳೆ ಬಂದು ಹಾಸಿಗೆ ನೆನೆದರೆ ಅದು ನನ್ನ ತಪ್ಪು. ಈ ಲೆಕ್ಕ ನನಗೆ ಯಾವತ್ತೂ ಅರ್ಥವಾಗಿಲ್ಲ. ಬಿಡಿಸಿ ಹೇಳಿ ಎಂದರೆ ಅವರಿಗೆ ಸಿಟ್ಟು ಬರುತ್ತದೆ. ನನಗೋ, ಒಂದು ಪ್ರಶ್ನೆ ತಲೆಗೆ ಹೊಕ್ಕರೆ ಜ್ವರ ಬಂದ ಹಾಗೆ, ಇಳಿಯುವ ತನಕ ಬೇರೆ ಕೆಲಸ ನೆಟ್ಟಗಾಗುವುದಿಲ್ಲ.

ನಮ್ಮ ಕರಾವಳಿ ಪಶ್ಚಿಮದಿಂದ ಪೂರ್ವಕ್ಕೆ ಉದ್ದಕ್ಕೆ ಹಾಸಿಕೊಂಡಿದೆ, ಸಮುದ್ರ ದಕ್ಷಿಣಕ್ಕೆ. ಆ ವರ್ಷದ ಚಂಡಮಾರುತ ಸಮುದ್ರದ ನಡುವೆ ಹುಟ್ಟಿ, ಅಲ್ಲೇ ಕೂತು ಚೆನ್ನಾಗಿ ಉಬ್ಬಿ, ಆಮೇಲೆ ನೇರವಾಗಿ ನಮ್ಮ ಊರಿನ ಕಡೆಗೇ ಮುಖ ಮಾಡಿತು. ಕಚೇರಿಯಲ್ಲಿ ಯಾರಿಗೂ ಕೂರಲು ಪುರುಸೊತ್ತಿಲ್ಲ. ಮೇಜಿನ ಮೇಲೆ ಆರಿದ ಟೀ ಲೋಟಗಳು, ಗೋಡೆಯ ಪರದೆಯ ಮೇಲೆ ಸುತ್ತುತ್ತಿರುವ ಬಿಳಿಯ ಸುರುಳಿ, ಒಂದು ಕ್ಷಣ ಬಿಡದೆ ಬಡಿದುಕೊಳ್ಳುವ ಫೋನುಗಳು. ಮೀನುಗಾರರ ಸಂಘ, ಬಂದರು, ಶಾಲೆಗಳು, ಎಲ್ಲರಿಗೂ ಹೇಳಿದ್ದನ್ನೇ ಹೇಳಿ ನನ್ನ ಗಂಟಲು ಕಟ್ಟಿತ್ತು. ಆ ಗದ್ದಲದ ಮಧ್ಯಾಹ್ನವೇ ಅಮ್ಮನ ಫೋನು ಬಂತು. ದೇವಾಲಯದಲ್ಲಿ ಸ್ತ್ರೀಯರ ಸಂಘದ ಸರಪಳಿ ಪ್ರಾರ್ಥನೆ ನಡೆದಿತ್ತು. ಒಬ್ಬರ ಸರದಿ ಮುಗಿಯುವ ಮೊದಲೇ ಇನ್ನೊಬ್ಬರು ಮೊಣಕಾಲೂರಬೇಕು, ಸರಪಳಿ ತುಂಡಾಗಬಾರದು. ಮುಂದಿನ ಸರದಿ ಅಮ್ಮನದು.

“ಅದು ಯಾವ ಕಡೆ ತಿರುಗಿದ್ರೆ ಒಳ್ಳೇದು?” ಎಂದು ಕೇಳಿದಳು.

“ಪೂರ್ವಕ್ಕೆ ತಿರುಗಿದ್ರೆ ನಾವು ಬಚಾವು.”

“ಎಷ್ಟು ತಿರುಗ್ಬೇಕು?”

“ಸ್ವಲ್ಪ ಸಾಕಮ್ಮ. ಫೋನಿಡು ಈಗ.”

ಅವಳು ಫೋನಿಟ್ಟು ಹೋಗಿ ಮೊಣಕಾಲೂರಿದಳು. ಏನೆಂದು ಪ್ರಾರ್ಥಿಸಿದಳು ಎನ್ನುವುದನ್ನು ಆಮೇಲೆ ಸಭೆಯ ಹೆಂಗಸರೆಲ್ಲ ನನಗೆ ಹಾಡಿ ಹೊಗಳಿ ಹೇಳಿದರು. ಕರ್ತನೇ, ಈ ಗಾಳಿಯನ್ನು ಪೂರ್ವಕ್ಕೆ ತಿರುಗಿಸು. ಸ್ವಲ್ಪ ತಿರುಗಿಸಿದರೆ ಸಾಕು, ಮಗಳು ಹೇಳಿದ್ದಾಳೆ.

ಗಾಳಿ ತಿರುಗಿತು. ನಮ್ಮ ಊರಿನಲ್ಲಿ ಒಂದಷ್ಟು ಮರ ಬಿದ್ದವು, ಬಂದರಿನ ಬಳಿ ಕೆಲವು ಮನೆಗಳ ತಗಡು ಹಾರಿತು, ಅಷ್ಟೇ. ಕಚೇರಿಯಲ್ಲಿ ನಮ್ಮ ಸಾಹೇಬರು ಪರದೆಯ ಮುಂದೆ ನಿಂತು ಬೆವರು ಒರೆಸಿಕೊಂಡರು. ದೇವಾಲಯದಲ್ಲಿ ಹೆಂಗಸರು ಅಮ್ಮನನ್ನು ಅಪ್ಪಿಕೊಂಡು ಅತ್ತರು. ಆದರೆ ಗಾಳಿ ನಾವು ಎಣಿಸಿದಂತೆ ಸಮುದ್ರದ ಮೇಲೇ ಸೋತು ಸುಮ್ಮನಾಗಲಿಲ್ಲ. ಕರಾವಳಿಯ ಉದ್ದಕ್ಕೂ ಬೆಚ್ಚಗಿನ ನೀರಿನ ಮೇಲೆ ಓಡಿ ಮತ್ತಷ್ಟು ಬಲ ತುಂಬಿಕೊಂಡು, ಮಾರನೆಯ ದಿನ ಪೂರ್ವದ ತುದಿಯ ಊರಿಗೆ ನುಗ್ಗಿತು. ಅದು ನನ್ನ ದೊಡ್ಡಮ್ಮನ ಊರು.

ಒಡಹುಟ್ಟಿದ ಅಕ್ಕನ ಊರು ಯಾವ ದಿಕ್ಕಿಗಿದೆ ಎಂದು ಅಮ್ಮನಿಗೆ ಗೊತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. ಅಮ್ಮನಿಗೆ ಪೂರ್ವ ಎಂದರೆ ಅಡುಗೆಮನೆಯ ಕಿಟಕಿ. ಅಲ್ಲಿಂದ ಕೊಲ್ಲಿಯ ಬರೀ ನೀರು ಕಾಣುತ್ತದೆ, ನೀರಿನಾಚೆ ಸೂರ್ಯ ಹುಟ್ಟುತ್ತಾನೆ. ಅಕ್ಕನ ಊರು ಅವಳ ಪಾಲಿಗೆ ದಿಕ್ಕೇ ಅಲ್ಲ, ಅದು ರೈಲು. ಅದೂ ನಮ್ಮ ಊರಿನ ಪಶ್ಚಿಮದ ನಿಲ್ದಾಣದಿಂದ ಹೊರಟು, ಗುಡ್ಡ ಬಳಸಿ, ಎಲ್ಲೆಲ್ಲೋ ಸುತ್ತಿ ಹೋಗುವ ರೈಲು. ಗಾಳಿಯನ್ನು ಖಾಲಿ ನೀರಿನ ಮೇಲೆ ಕಳುಹಿಸುತ್ತಿದ್ದೇನೆ ಎಂದೇ ಅವಳು ನಂಬಿದ್ದಳು.

ದೊಡ್ಡಪ್ಪನದು ಕನ್ನಡಕದ ಅಂಗಡಿ, ಅಂಗಡಿಯ ಮೇಲೆ ಮನೆ, ಮೆಟ್ಟಿಲು ಹೊರಗಡೆಯಿಂದ. ಊರು ಬಿಟ್ಟು ಎತ್ತರದಲ್ಲಿರುವ ಶಾಲೆಗೆ ಹೋಗಬೇಕು ಎಂದು ಸಾರಿದಾಗ ದೊಡ್ಡಮ್ಮ ಅಕ್ಕಪಕ್ಕದವರ ಜೊತೆ ಹೊರಟರು. ದೊಡ್ಡಪ್ಪ, ನೀನು ನಡಿ, ಗಿರಾಕಿಗಳ ಕನ್ನಡಕಗಳನ್ನು ಮೇಲಿನ ಕಪಾಟಿಗೆ ಎತ್ತಿಟ್ಟು ಬರುತ್ತೇನೆ ಎಂದರು. ಗಾಜು ಕೂರಿಸಿ ಸಿದ್ಧವಾಗಿದ್ದವು, ಕಡ್ಡಿ ರಿಪೇರಿಗೆ ಬಂದಿದ್ದವು, ಎಲ್ಲವೂ ಬೇರೆಯವರ ಸೊತ್ತು. ನೀರು ಯಾರೂ ಎಣಿಸದಷ್ಟು ಬೇಗ ಬಂತು. ಹೊರಗಿನ ಒತ್ತಡಕ್ಕೆ ಶಟರು ಸೊಟ್ಟಗಾಗಿ ಸಿಕ್ಕಿಕೊಂಡಿತು. ನೀರಿಳಿದ ಮೇಲೆ ಶಟರು ಕತ್ತರಿಸಿ ಒಳಗೆ ಹೋದವರಿಗೆ ಮೇಲಿನ ಕಪಾಟಿನಲ್ಲಿ ಕನ್ನಡಕಗಳು ಒದ್ದೆಯೂ ಆಗದೆ ಸಾಲಾಗಿ ಕಂಡವಂತೆ. ದೊಡ್ಡಪ್ಪ ಕೆಳಗಿದ್ದರು.

ಹಳಿ ಕೊಚ್ಚಿ ಹೋಗಿದ್ದರಿಂದ ನಾವು ಮಣ್ಣಿಗೂ ಹೋಗಲಾಗಲಿಲ್ಲ. ರೈಲು ಮತ್ತೆ ಓಡತೊಡಗಿದ ಮೇಲೆ ನಾನೇ ಹೋಗಿ ದೊಡ್ಡಮ್ಮನನ್ನು ಕರೆದುಕೊಂಡು ಬಂದೆ. ಯಾರೋ ಕೊಟ್ಟ ಚೀಲ, ಯಾರೋ ಕೊಟ್ಟ ಬಟ್ಟೆ, ಮೂಗಿನ ಮೇಲೆ ಯಾರದೋ ಕನ್ನಡಕ. ಅದರ ಪವರು ಹೊಂದುತ್ತಿರಲಿಲ್ಲ, ನಡೆಯುವಾಗ ನೆಲವನ್ನು ಕಾಲಿನಿಂದ ತಡವಿ ನೋಡುತ್ತಿದ್ದರು. ಜೀವಮಾನವಿಡೀ ಕನ್ನಡಕದ ಅಂಗಡಿಯ ಮೇಲೆ ಬಾಳಿದ ಹೆಂಗಸಿಗೆ ಈ ಗತಿ ಬಂತಲ್ಲ ಎಂದುಕೊಂಡೆ. ದೊಡ್ಡಮ್ಮ ಮಾತ್ರ ಅಳಲಿಲ್ಲ. ದಾರಿಯುದ್ದಕ್ಕೂ ಕಿಟಕಿಯಾಚೆ ನೋಡುತ್ತಾ, ಅದೇನು, ಇದೇನು ಎಂದು ಮಂಜಾಗಿ ಕಂಡದ್ದನ್ನೆಲ್ಲ ನನ್ನನ್ನು ಕೇಳುತ್ತಾ ಬಂದರು.

ಮನೆಗೆ ಬಂದ ದಿನ ಅಮ್ಮ ಅಕ್ಕನನ್ನು ಅಪ್ಪಿಕೊಂಡಳು, ಅಪ್ಪಿಕೊಂಡು ತಕ್ಷಣ ಬಿಟ್ಟಳು, ಬಿಟ್ಟು ಅಡುಗೆಮನೆಗೆ ಹೋದಳು. ಅಲ್ಲಿಂದ ಮುಂದೆ ಅವಳು ಸರಿಯಾಗಿ ಹೊರಗೆ ಬರಲೇ ಇಲ್ಲ. ತೊಳೆದ ಪಾತ್ರೆಯನ್ನೇ ತೊಳೆದಳು, ಒರೆಸಿದ ಕಟ್ಟೆಯನ್ನೇ ಒರೆಸಿದಳು. ಅಕ್ಕನ ಎದುರು ಕೂರಬೇಕಾಗಿ ಬಂದರೆ ಒಲೆಯ ಮೇಲೆ ಏನೋ ಇಟ್ಟಿದ್ದೇನೆ ಎಂದು ಎದ್ದು ಹೋಗುತ್ತಿದ್ದಳು. ಒಲೆಯ ಮೇಲೆ ಏನೂ ಇರುತ್ತಿರಲಿಲ್ಲ, ನಾನೇ ನೋಡಿದ್ದೇನೆ. ಎಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಹೆದರಿಸಿದ್ದು ಊಟದ ಹೊತ್ತು. ತಟ್ಟೆಯಲ್ಲಿ ಅನ್ನ ತಣ್ಣಗಾಗುವ ತನಕ ಪ್ರಾರ್ಥನೆ ಮಾಡುತ್ತಿದ್ದವಳು ಈಗ ತಲೆ ತಗ್ಗಿಸಿ, “ನೀನೇ ಮಾಡು,” ಎಂದು ನನಗೆ ಹೇಳತೊಡಗಿದ್ದಳು. ನಾನು ಮಾಡುವ ಪ್ರಾರ್ಥನೆ ನಮ್ಮ ಕಚೇರಿಯ ಪ್ರಕಟಣೆಗಿಂತ ಚಿಕ್ಕದು. ಮುಗಿದದ್ದು ಯಾರಿಗೂ ತಿಳಿಯುವುದಿಲ್ಲ.

ಒಂದು ಬೆಳಗ್ಗೆ ದೊಡ್ಡಮ್ಮ ಸ್ನಾನಕ್ಕೆ ಹೋದಾಗ ನಾನು ಅಮ್ಮನನ್ನು ಹಿಡಿದು ನಿಲ್ಲಿಸಿ ಕೇಳಿದೆ.

“ಏನಾಗಿದೆ ನಿನಗೆ?”

“ನಾನು ಕೇಳ್ದೆ, ಅವನು ಕಳ್ಸಿದ,” ಅಂದಳು. “ಪೂರ್ವಕ್ಕೆ ಅಂದೆ, ಪೂರ್ವಕ್ಕೇ ಕಳ್ಸಿದ. ಭಾವನ್ನ ನಾನೇ ಕೊಂದ ಹಾಗಾಯ್ತಲ್ಲ.”

ಅವಳು ಅಳುತ್ತಲೂ ಇರಲಿಲ್ಲ. ಯಾರಿಗೋ ದಾರಿ ಹೇಳುವಂತೆ ಸಮಾಧಾನವಾಗಿ ಹೇಳಿದಳು, ಅದಕ್ಕೇ ನನಗೆ ಭಯವಾಯಿತು. ಇನ್ನು ಬಾಯಿ ತೆರೆದರೆ ಏನು ಯಾರ ಮೇಲೆ ಹೋಗಿ ಬೀಳುತ್ತದೋ, ಆದ್ದರಿಂದ ಬಾಯಿ ಮುಚ್ಚಿಕೊಂಡಿರುವುದೇ ಲೋಕಕ್ಕೆ ಕ್ಷೇಮ ಎಂದು ತೀರ್ಮಾನಿಸಿಬಿಟ್ಟಿದ್ದಳು. ಅಕ್ಕನಿಗೆ ಹೇಳಿದ್ದೀಯಾ ಎಂದು ಕೇಳಿದೆ. ಅವಳ ಮುಖ ಬಿಳಿಚಿಕೊಂಡಿತು. ಹೇಳಿದರೆ ಅಕ್ಕ ಮತ್ತೆ ತನ್ನ ಮುಖ ನೋಡುವುದಿಲ್ಲ, ಇರುವ ಒಬ್ಬಳು ಅಕ್ಕನನ್ನೂ ಕಳೆದುಕೊಳ್ಳುವ ಶಕ್ತಿ ತನಗಿಲ್ಲ ಎಂದಳು.

“ಹಾಗಾದ್ರೆ ನಾನೂ ಪಾಲುದಾರಳೇ. ದಿಕ್ಕು ಹೇಳಿದ್ದು ನಾನು,” ಅಂದೆ.

“ನೀನು ನಿನ್ನ ಕೆಲ್ಸ ಮಾಡ್ದೆ.”

“ನೀನೂ ನಿನ್ನ ಕೆಲ್ಸಾನೇ ಮಾಡಿದ್ದು.”

ಅವಳು ನನ್ನ ಕೈ ಬಿಡಿಸಿಕೊಂಡು ಮತ್ತೆ ಪಾತ್ರೆಗಳ ಕಡೆ ತಿರುಗಿದಳು.

ಇದು ನನ್ನ ಇಲಾಖೆಗೆ ಸೇರಿದ ಸಮಸ್ಯೆ ಎಂದು ನಾನು ನಂಬಿದೆ. ಗಾಳಿ ಯಾಕೆ ತಿರುಗಿತು ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ತರಕಾರಿ ತರೋಣ ಬಾ ಎಂದು ಹೊರಡಿಸಿ ಅವಳನ್ನು ಕಚೇರಿಗೆ ಕರೆದೊಯ್ದೆ. ಸಾಹೇಬರು ಎದ್ದು ನಿಂತು ಕುರ್ಚಿ ಕೊಟ್ಟರು. ಉಪಗ್ರಹದ ಚಿತ್ರಗಳನ್ನು ಒಂದರ ಹಿಂದೆ ಒಂದು ಓಡಿಸಿ ತೋರಿಸಿದೆ. ಪಶ್ಚಿಮದ ಕಡೆಯಿಂದ ಮೇಲ್ಮಟ್ಟದಲ್ಲಿ ಬಂದ ಗಾಳಿ ಹೇಗೆ ಚಂಡಮಾರುತವನ್ನು ಪಕ್ಕಕ್ಕೆ ನೂಕಿತು, ಆ ನೂಕಾಟ ಎಷ್ಟು ಹೊತ್ತಿಗೆ ಶುರುವಾಯಿತು, ಎಲ್ಲವನ್ನೂ ಬೆರಳಿಟ್ಟು ತೋರಿಸಿದೆ. ಅಮ್ಮ ಮುಂದಕ್ಕೆ ಬಾಗಿ, ಪರದೆಗೆ ಮೂಗು ತಾಗುವಷ್ಟು ಹತ್ತಿರದಿಂದ ನೋಡಿದಳು.

“ನೋಡು,” ಅಂದೆ, “ಇಲ್ಲಿ ಆಗಲೇ ಬಾಗೋಕೆ ಶುರುವಾಗಿದೆ. ಇದು ಬೆಳಗಿನ ಜಾವದ ಚಿತ್ರ. ನಿನ್ನ ಸರದಿ ಬಂದಿದ್ದು ಮಧ್ಯಾಹ್ನ. ನೀನು ಮೊಣಕಾಲೂರೋ ಮೊದಲೇ ಅದು ತಿರುಗ್ತಾ ಇತ್ತು. ನಮಗೆ ಗೊತ್ತಾಗಿದ್ದೇ ತಡ.”

ನಾನು ಗೆದ್ದೆ ಅಂದುಕೊಂಡೆ. ಅಮ್ಮ ಪರದೆಯಿಂದ ಹಿಂದೆ ಸರಿದು ನನ್ನ ಕಡೆ ತಿರುಗಿದಳು.

“ನೀನು ಸಂಜೆ ಹಸ್ಕೊಂಡು ಬರ್ತೀಯ ಅಂತ ನಂಗೆ ಗೊತ್ತಿರಲ್ವಾ? ನೀನು ಬಂದು ಕೇಳೋವರೆಗೂ ಒಲೆ ಹಚ್ಚದೆ ಕೂತಿರ್ತೀನಾ? ನಾನು ಮಧ್ಯಾಹ್ನ ಏನು ಕೇಳ್ತೀನಿ ಅಂತ ಅವನಿಗೆ ಬೆಳಗ್ಗೆನೇ ಗೊತ್ತಿತ್ತು.”

ಸಾಹೇಬರು ಕೆಮ್ಮುವ ನೆಪ ಮಾಡಿ ಆಚೆ ತಿರುಗಿದರು.

“ಸರಿ, ಹಾಗಾದ್ರೆ ಅವನು ನಿನ್ನ ಮಾತು ಕೇಳೇ ಇಲ್ಲ ಅಂದ್ಕೋ,” ಎಂದೆ ನಾನು, ಸಿಟ್ಟಿನಲ್ಲಿ.

ಅಮ್ಮ ನನ್ನ ಮುಖವನ್ನೇ ನೋಡಿದಳು. “ಇಷ್ಟು ವರ್ಷ ನಾನು ಗೋಡೆ ಹತ್ರ ಮಾತಾಡ್ತಿದ್ದೆ ಅಂತಾನಾ? ಅವನು ಕೇಳಿದ್ರೆ ನಾನು ಭಾವನ್ನ ಕೊಂದೆ. ಕೇಳ್ಲಿಲ್ಲ ಅಂದ್ರೆ ನಂಗೆ ಯಾರೂ ಇಲ್ಲ. ಎರಡರಲ್ಲಿ ಯಾವುದು ಬೇಕು ಅಂತ ನೀನೇ ಹೇಳು.”

ಒಂದನ್ನು ಅವಳ ಹೆಗಲಿನಿಂದ ಇಳಿಸಲು ಹೋಗಿ ಇನ್ನೊಂದನ್ನು ಹೇರಿದ್ದೆ. ನಾವು ತರಕಾರಿ ತೆಗೆದುಕೊಂಡು ಮನೆಗೆ ಬಂದೆವು.

ಆ ವಾರವೆಲ್ಲ ನನ್ನ ತಲೆ ಒಂದೇ ಕಡೆ ಸುತ್ತಿತು. ಕೆಲಸವಿಲ್ಲದ ಹೊತ್ತಿನಲ್ಲಿ ಹಳೆಯ ನಕ್ಷೆಯೊಂದನ್ನು ಮೇಜಿನ ಮೇಲೆ ಹರಡಿ, ಕರಾವಳಿಯ ಊರುಗಳನ್ನೆಲ್ಲ ಗುರುತಿಸಿದೆ. ಎಲ್ಲ ಊರಿನಲ್ಲೂ ದೇವಾಲಯವಿದೆ. ಎಲ್ಲ ಊರಿನಲ್ಲೂ ಯಾರೋ ಮೊಣಕಾಲೂರಿದ್ದರು. ಪ್ರತಿ ಊರಿನ ಪ್ರಾರ್ಥನೆಗೂ ಒಂದು ಬಾಣ ಎಳೆದೆ, ಆಚೆ ಹೋಗು, ಈಚೆ ಬರಬೇಡ ಎಂದು. ಎಲ್ಲ ಬಾಣಗಳ ಮಾತನ್ನೂ ನಡೆಸಬೇಕಿದ್ದರೆ ಆ ಗಾಳಿ ಸಮುದ್ರದ ನಡುವೆ ಒಂದೇ ಕಾಲಿನ ಮೇಲೆ ಶಾಶ್ವತವಾಗಿ ನಿಲ್ಲಬೇಕಿತ್ತು. ದೋಣಿಗಳಲ್ಲಿರುವವರು ಅಲ್ಲೂ ಬೇಡ ಎಂದಿರುತ್ತಾರೆ. ಹಾಗಿದ್ದರೆ ಇಷ್ಟೂ ಬಾಣಗಳನ್ನು ಕೈಯಲ್ಲಿ ಹಿಡಿದುಕೊಂಡು ದೇವರು ಏನು ಮಾಡುತ್ತಾನೆ? ನಾನು ನಂಬದವಳಲ್ಲ. ಚಿಕ್ಕಂದಿನಿಂದ ಅವನ ಮನೆಯಲ್ಲೇ ಬೆಳೆದವಳು, ಅದಕ್ಕೇ ಇಷ್ಟು ಸಲಿಗೆ. ನನಗೆ ನಿಜವಾಗಿಯೂ ತಿಳಿಯಬೇಕಿತ್ತು.

ಸಭಾಪಾಲಕರು ಮನೆಗೆ ಬಂದಾಗ ಅವರನ್ನೂ ಬಿಡಲಿಲ್ಲ. ಅವರು ಬಂದದ್ದು ಅಮ್ಮನನ್ನು ಕೇಳಿಕೊಳ್ಳಲು. ಊರು ಉಳಿದದ್ದಕ್ಕೆ ಕೃತಜ್ಞತೆಯ ಆರಾಧನೆ ಇಟ್ಟಿದ್ದರು, ಅಮ್ಮ ಎದ್ದು ನಿಂತು, ದೇವರು ತನ್ನ ಪ್ರಾರ್ಥನೆ ಕೇಳಿದ ಎಂದು ಸಾಕ್ಷಿ ಹೇಳಬೇಕು ಎಂದು ಎಲ್ಲರ ಆಸೆ. ಅವರ ದನಿ ಕೇಳಿದ ಕೂಡಲೇ ಅಮ್ಮ ಹಿತ್ತಲಿಗೆ ಮಾಯವಾದಳು. ಒಳಗೆ ಮಲಗಿದ್ದ ದೊಡ್ಡಮ್ಮನಿಗೆ ಕೇಳಿಸದ ಹಾಗೆ ನಾನು ಬಾಗಿಲಲ್ಲೇ ನಿಂತು ಎಲ್ಲ ಹೇಳಿದೆ.

“ಅಯ್ಯನವರೇ, ಪೂರ್ವದ ಊರಲ್ಲೂ ನಮ್ಮ ಸಭೆ ಇತ್ತಲ್ಲ, ಅವರೂ ಬೇಡ್ಕೊಂಡಿದ್ರಲ್ಲ. ನಮ್ಮದನ್ನ ಕೇಳಿ ಅವರದನ್ನ ಬಿಟ್ನಾ? ಭಾನುವಾರ ನಾವು ಹಾಡುವಾಗ ನಮ್ಮ ದೊಡ್ಡಮ್ಮ ಎಲ್ಲಿ ಕೂರ್ಬೇಕು?”

ಅವರು ಒಳ್ಳೆಯ ಮನುಷ್ಯರು, ಏನಾದರೂ ಹೇಳಿ ಜಾರಿಕೊಳ್ಳುವ ಅಭ್ಯಾಸ ಅವರಿಗಿಲ್ಲ.

“ಗೊತ್ತಿಲ್ಲ ಮಗಳೇ. ನಾನೂ ಅದನ್ನೇ ಕೇಳ್ಕೊಂಡು ನಿದ್ದೆ ಬಿಟ್ಟಿದೀನಿ. ಸಾಕ್ಷಿ ಬೇಡ ಬಿಡು. ನಿಮ್ಮಮ್ಮನಿಗೆ ನಾನು ಯಾಕೆ ಬಂದೆ ಅಂತ ಹೇಳ್ಬೇಡ,” ಎಂದು ಹೊರಟುಹೋದರು. ಆ ಭಾನುವಾರ ಅವರು ಸತ್ತವರಿಗಾಗಿ ಎಲ್ಲರನ್ನೂ ಮೌನವಾಗಿ ನಿಲ್ಲಿಸಿದರು, ಕೃತಜ್ಞತೆಯ ಮಾತು ಎತ್ತಲಿಲ್ಲ. ನನಗೆ ಅವರ ಮೇಲಿನ ಗೌರವ ಹೆಚ್ಚಾಯಿತು, ಪ್ರಶ್ನೆ ಮಾತ್ರ ಇದ್ದಲ್ಲೇ ಇತ್ತು.

ದೊಡ್ಡಮ್ಮ ನನ್ನ ಕೋಣೆಯಲ್ಲೇ ಮಲಗುತ್ತಿದ್ದರು. ಒಂದು ಶನಿವಾರ ಬೆಳಗಿನ ಪಾಳಿ ಮುಗಿಸಿ ಬಂದರೆ ಮಂಚದ ಮೇಲೆ ಚೀಲ ಬಾಯಿ ತೆರೆದು ಕೂತಿತ್ತು. ದೊಡ್ಡಮ್ಮ ಒಂದೊಂದೇ ಬಟ್ಟೆಯನ್ನು ಕಣ್ಣಿನ ಹತ್ತಿರ ಹಿಡಿದು, ಮುಂದು ಯಾವುದು ಹಿಂದು ಯಾವುದು ಎಂದು ನೋಡಿ ಮಡಚುತ್ತಿದ್ದರು.

“ಬಂದ್ಯಾ? ನಾಳೆ ರೈಲು ಎಷ್ಟೊತ್ತಿಗೆ ಅಂತ ಸ್ವಲ್ಪ ನೋಡು ಮಗಾ.”

“ಎಲ್ಲಿಗೆ ದೊಡ್ಡಮ್ಮ?”

“ನಮ್ಮೂರ ಸಭೆಯವರು ಒಂಟಿ ಹೆಂಗಸರಿಗೆ ಅಂತ ಒಂದು ಮನೆ ಮಾಡಿದಾರೆ. ಅಲ್ಲಿ ಒಂದು ಮಂಚ ಇದೆಯಂತೆ.”

“ಇಲ್ಲೂ ಮಂಚ ಇದೆಯಲ್ಲ?”

“ಮಂಚ ಇದೆ,” ಅಂದರು. “ನಿಮ್ಮಮ್ಮ ಇಲ್ಲ. ಬಂದಾಗಿಂದ ಅವಳ ಬೆನ್ನನ್ನೇ ನೋಡ್ತಿದೀನಿ. ಅವಳಿಗೆ ನನ್ನ ಮುಖ ನೋಡೋಕೆ ಆಗ್ತಿಲ್ಲ. ಯಾಕೆ ಅಂತ ನಾನು ಕೇಳಲ್ಲ. ನಂಗೆ ಆ ಹಕ್ಕಿಲ್ಲ.”

ಹಕ್ಕಿಲ್ಲ ಎಂದರೆ ಏನು ಎಂದು ನನಗೆ ತಿಳಿಯಲಿಲ್ಲ. ತಿಳಿದುಕೊಳ್ಳುವ ವ್ಯವಧಾನವೂ ಇರಲಿಲ್ಲ, ಅಷ್ಟರಲ್ಲಿ ನನಗೆ ರೇಗಿಹೋಗಿತ್ತು. ನೇರ ಅಡುಗೆಮನೆಗೆ ಹೋಗಿ ಅಮ್ಮನ ಕೈಯಿಂದ ಪಾತ್ರೆ ಕಿತ್ತುಕೊಂಡೆ.

“ಇನ್ನೂ ತಿಕ್ಕಿದ್ರೆ ತೂತು ಬೀಳುತ್ತೆ. ಹೋಗಿ ಹೇಳು ಅವರಿಗೆ.”

“ಹೇಳಿದ್ರೆ ಹೊರಟುಹೋಗ್ತಾಳೆ.”

“ಹೇಳದೆ ಇದ್ದಿದ್ದಕ್ಕೇ ಹೊರಟಿದಾರೆ. ಚೀಲ ತುಂಬ್ತಾ ಇದಾರೆ, ಹೋಗಿ ನೋಡು.”

ಅಮ್ಮನ ಬಾಯಿ ಅರ್ಧ ತೆರೆಯಿತು. ಕೈಯ ಸಾಬೂನನ್ನೂ ತೊಳೆಯದೆ ನಡೆದು ಹೋಗಿ ಕೋಣೆಯ ಬಾಗಿಲಲ್ಲಿ ನಿಂತಳು. ನಾನು ಹಿಂದೆಯೇ ಹೋದೆ. ಅವಳು ಪೀಠಿಕೆ ಇಲ್ಲದೆ ಹೇಳಿಬಿಟ್ಟಳು.

“ಅಕ್ಕ, ಆ ಗಾಳೀನ ನಾನೇ ಕಳ್ಸಿದ್ದು.”

ದೊಡ್ಡಮ್ಮ ತಲೆ ಎತ್ತಿದರು. “ಏನು ಕಳ್ಸಿದ್ದು?”

“ಗಾಳೀನ. ನಮ್ಮೂರಿಗೆ ಬರ್ತಿತ್ತು. ಪೂರ್ವಕ್ಕೆ ತಿರುಗಿಸು ಅಂತ ಕೇಳ್ಕೊಂಡೆ. ಅಲ್ಲಿ ಬರೀ ನೀರಿದೆ ಅಂದ್ಕೊಂಡಿದ್ದೆ. ನೀನಿರೋದು ಆ ಕಡೆ ಅಂತ ನಂಗೆ ಹೊಳೀಲೇ ಇಲ್ಲ. ನಿಂಗೆ ನಾನು ಏನು ಮಾಡ್ಬಿಟ್ಟೆ ನೋಡು.”

“ಪೂರ್ವಕ್ಕೆ ಅಂತ ಹೆಸರು ಹಿಡಿದು ಹೇಳಿದ್ಯಾ?”

“ಹೂಂ.”

ದೊಡ್ಡಮ್ಮ ಕೈಯಲ್ಲಿದ್ದ ಬಟ್ಟೆಯನ್ನು ಮಡಚಿದರು. ಮಡಚಿದ್ದನ್ನು ಬಿಡಿಸಿ ಮತ್ತೆ ಮಡಚಿದರು. ನಾನೇ ನೂಕಿ ತಂದದ್ದು, ಇಲ್ಲಿಗೆ ಎಲ್ಲ ಮುಗಿಯಿತು ಅಂದುಕೊಂಡೆ. ಅಮ್ಮನ ಬೆರಳ ತುದಿಯಿಂದ ಸಾಬೂನಿನ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

“ನಾವು ಆ ಶಾಲೇಲಿ ಕೂತಿದ್ವಲ್ಲ,” ಎಂದು ಶುರು ಮಾಡಿದರು ದೊಡ್ಡಮ್ಮ, “ಪಶ್ಚಿಮದಿಂದ ಬರ್ತಿದೆ, ಬರ್ತಿದೆ ಅಂತ ರೇಡಿಯೋದಲ್ಲಿ ಹೇಳ್ತಾನೇ ಇದ್ರು. ಎಲ್ರೂ ಕೈ ಹಿಡ್ಕೊಂಡು ಪ್ರಾರ್ಥನೆ ಮಾಡಿದ್ವಿ. ಬಂದ ದಾರಿಗೇ ವಾಪಸ್ ಹೋಗಲಿ ಕರ್ತನೇ ಅಂತ. ಬಂದ ದಾರಿ ಅಂದ್ರೆ ಯಾವುದು? ನಿನ್ನೂರು. ನಿಂಗೆ ಹೊಳೀಲಿಲ್ಲ ಅಂದ್ಯಲ್ಲ, ನಂಗೆ ಹೊಳೀತು ಕಣೇ. ನೀನು, ಈ ಮಗು, ಈ ಮನೆ, ಎಲ್ಲ ಕಣ್ಮುಂದೆ ಬಂತು. ಬಂದ ಮೇಲೂ ಎಲ್ಲರಿಗಿಂತ ಜೋರಾಗಿ ಆಮೆನ್ ಅಂದೆ.”

“ನೀನಾ?”

“ನಾನೇ. ಅವರಿನ್ನೂ ಅಂಗಡಿಯಿಂದ ಬಂದಿರ್ಲಿಲ್ಲ. ಆಗ ನಂಗೆ ಇನ್ಯಾರೂ ಬೇಡವಾಗಿದ್ರು. ನೀನು ಮುಖ ತಿರುಗಿಸ್ಕೊಂಡು ಓಡಾಡೋದು ನೋಡಿ, ಇವಳಿಗೆ ಹೇಗೋ ಗೊತ್ತಾಗಿದೆ ಅಂದ್ಕೊಂಡೆ. ಆಗ್ಲಿ, ನಂಗೆ ತಕ್ಕದ್ದೇ ಅಂದ್ಕೊಂಡೆ.”

ಅಮ್ಮ ಬಾಗಿಲಿನ ಚೌಕಟ್ಟಿಗೆ ಒರಗಿದಳು. ಒಬ್ಬರನ್ನೊಬ್ಬರು ದಿಟ್ಟಿಸಿ ನೋಡಿದರು. ಬಂದಾಗಿನಿಂದ ಮೊದಲ ಸಲ. ದೊಡ್ಡಮ್ಮನ ಮುಖ ಇದ್ದಕ್ಕಿದ್ದಂತೆ ಕೆಂಪಾಯಿತು.

“ಅಲ್ಲಾ, ನಿನ್ನ ಮಾತಿಗೇ ಗಾಳಿ ತಿರುಗ್ತು ಅಂತ ಯಾರು ಹೇಳಿದ್ದು ನಿಂಗೆ? ಚಿಕ್ಕಂದಿನಿಂದ ಹೀಗೇ ನೀನು, ಮನೇಲಿ ಹಾಲು ಉಕ್ಕಿದ್ರೂ ನಿನ್ನಿಂದಲೇ ಆಗ್ಬೇಕು. ನಾನು ದೊಡ್ಡವಳು. ಕೇಳೋದೇ ಆಗಿದ್ರೆ ಅವನು ನನ್ನ ಮಾತು ಮೊದಲು ಕೇಳ್ಬೇಕಿತ್ತು.”

ನನಗೆ ತಡೆಯಲಾರದೆ ನಗು ಬಂದುಬಿಟ್ಟಿತು. ಇಬ್ಬರೂ ಒಟ್ಟಿಗೇ ತಿರುಗಿ ನನ್ನನ್ನು ದುರುಗುಟ್ಟಿ ನೋಡಿದರು. ಆಮೇಲೆ ದೊಡ್ಡಮ್ಮನೂ ನಕ್ಕರು, ಆ ನಗು ಹಾಗೇ ಅಳುವಾಯಿತು. ದೊಡ್ಡಪ್ಪ ಹೋದ ಮೇಲೆ ಅವರು ಅತ್ತದ್ದನ್ನು ನಾನು ನೋಡಿದ್ದು ಆಗಲೇ. ಅಮ್ಮ ಒದ್ದೆ ಕೈಯಲ್ಲೇ ಹೋಗಿ ಪಕ್ಕದಲ್ಲಿ ಕೂತಳು.

“ಗಾಳಿ ಯಾಕೆ ಬಂತು, ಯಾರು ತಿರುಗಿಸಿದ್ರು, ಅದನ್ನ ನಿನ್ನ ಮಗಳು ನೋಡ್ಕೊಳ್ಲಿ,” ಎಂದರು ದೊಡ್ಡಮ್ಮ, ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಾ. “ಅದು ಅವಳ ಕೆಲ್ಸ. ನಂಗಿರೋದು ಒಂದೇ ಪ್ರಶ್ನೆ. ನೀರು ಏರುವಾಗ ಆ ಅಂಗಡೀಲಿ ಅವರು ಒಬ್ಬರೇ ಇದ್ರಾ? ನನ್ನನ್ನ ಕೂಗಿದ್ರಾ? ಎಲ್ರೂ ಬಂದು, ದೇವರು ಜೊತೇಲಿದ್ದ ಬಿಡಿ ಅಂತಾರೆ. ಅಷ್ಟು ಸಲೀಸಾಗಿ ಅಂತಾರೆ. ಇವರೇನು ನೋಡೋಕೆ ಹೋಗಿದ್ರಾ? ನಂಗೆ ಅವನ ಬಾಯಿಂದಲೇ ಕೇಳ್ಬೇಕು. ಕೇಳೋಣ ಅಂತ ಕೂತ್ರೆ ನಾಲಿಗೆ ಹೊರಳಲ್ಲ. ನೀನು ಕೇಳು.”

“ನಾನು ಪ್ರಾರ್ಥನೆ ಬಿಟ್ಟಿದೀನಿ ಅಕ್ಕ. ಭಯ ಆಗುತ್ತೆ.”

“ಏನೂ ಮಾಡು ಅಂತ ಹೇಳ್ಬೇಡ ಅವನಿಗೆ. ಬರೀ ಕೇಳು.”

ಅಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡಳು. ಕಣ್ಣು ಮುಚ್ಚಿದಳು. ಕರ್ತನೇ ಎಂದಳು, ಎಂದು ನಿಲ್ಲಿಸಿದಳು. ಎಷ್ಟು ಹೊತ್ತು ನಿಲ್ಲಿಸಿದಳೆಂದರೆ, ಇಲ್ಲ, ಇವಳ ಕೈಲಾಗುವುದಿಲ್ಲ ಅಂದುಕೊಂಡೆ.

“ಆ ಹೊತ್ತಲ್ಲಿ ನೀನು ನಮ್ಮ ಭಾವನ ಹತ್ತಿರ ಇದ್ಯಾ?”

ಅಷ್ಟೇ. ಅಮ್ಮ ದೇವರನ್ನು ಪ್ರಶ್ನೆ ಕೇಳಿದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ. ಕೇಳಿ, ಆಮೆನ್ ಹೇಳದೆ, ಹಾಗೇ ಕೂತಳು. ದೊಡ್ಡಮ್ಮ ಅವಳ ಕೈ ಹಿಡಿದುಕೊಂಡು ಕಣ್ಣು ಮುಚ್ಚಿದರು. ಅಡುಗೆಮನೆಯಲ್ಲಿ ಮುಚ್ಚದೆ ಬಂದಿದ್ದ ನಲ್ಲಿ ಸುರಿಯುತ್ತಿತ್ತು, ಬೀದಿಯಲ್ಲಿ ಯಾರೋ ಸೈಕಲ್ಲಿನ ಗಂಟೆ ಬಾರಿಸಿಕೊಂಡು ಹೋದರು. ನಲ್ಲಿ ನಿಲ್ಲಿಸಲು ಹೋಗಬೇಕೆನಿಸಿತು, ಹೋಗಲಿಲ್ಲ. ಬಾಗಿಲಲ್ಲಿ ನಿಂತೇ ಇದ್ದೆ. ಗೊತ್ತಿಲ್ಲದೆಯೇ ನಾನೂ ಉಸಿರು ಹಿಡಿದು ಕಿವಿಗೊಟ್ಟಿದ್ದೆ. ನನ್ನ ಬಾಣಗಳ ವಿಷಯ ಆಗ ನೆನಪಿಗೂ ಬರಲಿಲ್ಲ. ಆ ಒಂದು ಪ್ರಶ್ನೆಗೆ ಅವನು ಏನು ಹೇಳುತ್ತಾನೆ ಎಂದಷ್ಟೇ ನನಗೆ ತಿಳಿಯಬೇಕಿತ್ತು.

ತುಂಬ ಹೊತ್ತಾದ ಮೇಲೆ ದೊಡ್ಡಮ್ಮ ಕಣ್ಣು ತೆರೆಯದೆಯೇ ಕೇಳಿದರು.

“ಏನಾದ್ರೂ ಹೇಳಿದ್ನಾ?”

“ಇನ್ನೂ ಇಲ್ಲ,” ಅಂದಳು ಅಮ್ಮ.

ದೊಡ್ಡಮ್ಮ ತಲೆಯಾಡಿಸಿದರು. ಮಂಚದ ಮೇಲಿದ್ದ ಚೀಲವನ್ನು ಕೆಳಕ್ಕೆ ಸರಿಸಿ, ಅಮ್ಮನಿಗೆ ಇನ್ನಷ್ಟು ಹತ್ತಿರ ಸರಿದು ಕೂತರು.

“ರೈಲು ನೋಡ್ಬೇಡ ಮಗಾ,” ಎಂದರು ನನಗೆ. “ಅವನು ಹೇಳೋವರೆಗೂ ನಾವಿಬ್ರೂ ಇಲ್ಲೇ ಇರ್ತೀವಿ.”